ಪುಟ್ಟಿಯ ಹಣೆಯಲ್ಲಿಲ್ಲದ ಬೊಟ್ಟು

ನವೆಂಬರ್ ಒಂಬತ್ತು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ನ್ಯೂಜೆರ್ಸಿಯ ಹೋಬೋಕನ್‌ನಲ್ಲಿರುವ ನನ್ನ ಮನೆಯ ಅಡುಗೆಕಟ್ಟೆಯ ಮೇಲೆ ಈ ಬರಹ ಶುರುವಾಯಿತು. ನಿಜಕ್ಕೂ ಆಗ ನಾನು ಮಾಡಬೇಕಿದ್ದದ್ದು ಒಲೆಯ ಅಂಚಿಗೆ ಅಂಟಿದ್ದ ನಿನ್ನೆಯ ಸಾರನ್ನು ಕೆರೆದು ತೆಗೆಯುವ ಕೆಲಸ. ಅದಕ್ಕೆ ನನ್ನ ಬಳಿ ಒಂದು ಆಯುಧವಿದೆ. ಗೇಣುದ್ದಕ್ಕಿಂತ ಚಿಕ್ಕದಾದ ಕಬ್ಬಿಣದ ಕೊಕ್ಕೆ, ಹಿಡಿಗೆ ಕೆಂಪು ರಬ್ಬರು. ಡ್ರಾಯರಿನಲ್ಲಿ ಚಮಚಗಳ ಜೊತೆಗೇ ಇರುತ್ತದೆ.

ಹೊಸದಾಗಿ ಬಂದಿರುವ ರೂಮ್‌ಮೇಟ್ ಮಂಗಳೂರಿನವಳು. ದೋಸೆ ತಿನ್ನುತ್ತ ನಿಂತಿದ್ದವಳು ಕೇಳಿದಳು.

"ಎಂಥದ್ದು ಮಾರಾಯ್ತಿ ಅದು? ಲಾಯ್ಕುಂಟು."

"ಕುದುರೆಯ ಗೊರಸಿನಲ್ಲಿ ಸಿಕ್ಕಿಕೊಂಡ ಲದ್ದಿ, ಮಣ್ಣು ತೆಗೆಯೋ ಕೊಕ್ಕೆ."

ಅವಳು ದೋಸೆಯನ್ನು ತಟ್ಟೆಗೆ ವಾಪಸ್ಸು ಇಟ್ಟಳು. "ಅದರಲ್ಲಿ ನೀನು ಒಲೆ ಕ್ಲೀನ್ ಮಾಡುವುದಾ? ಆ ಚಮಚದಲ್ಲಿ ನಾನು ಈಗಷ್ಟೇ ಚಟ್ನಿ ಹಾಕಿಕೊಂಡದ್ದು!"

ಬಿಸಿನೀರಿನಲ್ಲಿ ಎಷ್ಟು ಸಲ ಕುದಿಸಿದ್ದೇನೆ ಎಂಬ ಲೆಕ್ಕ ನನ್ನಲ್ಲಿತ್ತು. ಹೇಳುವಷ್ಟರಲ್ಲಿ ಅವಳು ರೂಮು ಸೇರಿದ್ದಳು. ನಾನು ಕೊಕ್ಕೆಯನ್ನು ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಕೂತೆ. ಆಮೇಲೆ ನೋಟ್‌ಬುಕ್ ತೆರೆದೆ.

ಮೊದಲೇ ಹೇಳಿಬಿಡುತ್ತೇನೆ, ನೀವು ನನ್ನನ್ನು ಸುಮ್ಮನೆ ನೆನಪು ಹರಟುವವಳು ಎಂದುಕೊಳ್ಳಬಾರದು. ನಾನು ಒಂದು ಕುದುರೆಯನ್ನು ಹುಡುಕುತ್ತಿದ್ದೇನೆ. ಕಂದು ಬಣ್ಣದ ಹೆಣ್ಣು ಕುದುರೆ, ಹೆಸರು ಪುಟ್ಟಿ. ಬದುಕಿದ್ದರೆ ಈಗ ಇಪ್ಪತ್ತಮೂರು ವರ್ಷ. ಅದು ನನ್ನದಲ್ಲ, ನಮ್ಮ ನಂಜುಂಡಯ್ಯ ಅಂಕಲ್‌ದು. ಆದರೆ ಅದು ಸಿಗದೇ ಇರುವುದಕ್ಕೆ ಕಾರಣ ಮಾತ್ರ ಪೂರ್ತಿಯಾಗಿ ನಾನು. ಹೇಗೆ ಎಂದು ಹೇಳಲು ಸ್ವಲ್ಪ ಸುತ್ತುಬಳಸಿ ಬರಬೇಕು.

ನನಗೆ ಚಿಕ್ಕಂದಿನಿಂದ ಎಣಿಸುವ ಚಟ. ಮೈಸೂರಿನಿಂದ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಯ ಕೆಂಡಲ್ ಪಾರ್ಕ್ ಎಂಬ ಊರಿಗೆ ಬಂದಾಗ ನನಗೆ ಒಂಬತ್ತು ವರ್ಷ. ಸ್ಕೂಲ್ ಬಸ್ಸಿನಲ್ಲಿ ಮಾತಾಡಲು ಯಾರೂ ಇರಲಿಲ್ಲವಾದ್ದರಿಂದ ಕಿಟಕಿಯಾಚೆ ಕಂಡದ್ದನ್ನೆಲ್ಲ ಎಣಿಸತೊಡಗಿದೆ. ಮೊದಲ ದಿನದ ಡೈರಿಯಲ್ಲಿ ಇರುವುದು ಒಂದೇ ಸಾಲು: "ಬಾತುಕೋಳಿ ನಲವತ್ತೊಂದು, ಹಳದಿ ಬಸ್ಸು ಆರು, ನನ್ನ ಜೊತೆ ಮಾತಾಡಿದವರು ಸೊನ್ನೆ." ಪಕ್ಕದಲ್ಲಿ ಕೂತವರು ಬಗ್ಗಿ ನೋಡಿದರೂ ತಿಳಿಯಬಾರದೆಂದು ಕನ್ನಡದಲ್ಲಿ ಬರೆಯುತ್ತಿದ್ದೆ. ನನ್ನ ಕನ್ನಡ ಉಳಿದದ್ದು ಭಾಷಾಭಿಮಾನದಿಂದ ಎಂದು ಇಲ್ಲಿಯ ಕನ್ನಡ ಸಂಘದ ವೇದಿಕೆಯಲ್ಲಿ ಒಮ್ಮೆ ಹೊಗಳಿದರು. ನಿಜವಾಗಿ ಉಳಿದದ್ದು ಗುಟ್ಟು ಕಾಪಾಡಿಕೊಳ್ಳುವ ಆಸೆಯಿಂದ.

"ಇವಳ ತಟ್ಟೆಗೆ ಅನ್ನ ಬಡಿಸಿದ್ರೆ ಅಗುಳು ಎಣಿಸಿ ತಿಂತಾಳೆ" ಎಂದು ಅಮ್ಮ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಬಂದವರಲ್ಲಿ ಅದನ್ನು ಗುಣವೆಂದು ನೋಡಿದವರು ಒಬ್ಬರೇ, ಎರಡು ಮನೆ ಆಚೆಗಿದ್ದ ನಂಜುಂಡಯ್ಯ ಅಂಕಲ್. "ಎಣಿಸಲಿ ಬಿಡಿ ಅಮ್ಮಾ. ಎಣಿಸೋರು ಇಲ್ದೆ ಇದ್ರೆ ಕಳೆದುಹೋಗಿದ್ದು ಗೊತ್ತಾಗೋದು ಹೇಗೆ?" ಎಂದಿದ್ದರು. ಅಂದಿನಿಂದ ಅವರ ಬಾಯಲ್ಲಿ ನನ್ನ ಹೆಸರು 'ಲೆಕ್ಕದ ಮೇಡಂ'.

ಅಂಕಲ್ ರೂಟ್ ಒನ್ ಹೆದ್ದಾರಿಯ ಪಕ್ಕದ ಒಂದು ಔಷಧಿ ಕಾರ್ಖಾನೆಯಲ್ಲಿ ಎಂಜಿನಿಯರ್. ಅವರ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗರು. ಅವರ ತಂದೆ ಮೈಸೂರಿನಲ್ಲಿ ಜಟಕಾ ಓಡಿಸುತ್ತಿದ್ದವರು. ಮಾರ್ಕೆಟ್ಟಿನಿಂದ ರೈಲ್ವೆ ಸ್ಟೇಷನ್ನಿಗೆ, ಸ್ಟೇಷನ್ನಿನಿಂದ ಮಾರ್ಕೆಟ್ಟಿಗೆ. ಅಂಕಲ್ ತಮ್ಮ ಐವತ್ತೈದನೆಯ ವಯಸ್ಸಿನಲ್ಲಿ, ಮಗಳ ಕಾಲೇಜು ಮುಗಿದ ವರ್ಷ, ಯಾರನ್ನೂ ಕೇಳದೆ ಒಂದು ಕುದುರೆ ಕೊಂಡರು. ಅದಕ್ಕೆ ಅಮೆರಿಕದ ಉದ್ದನೆಯ ರಿಜಿಸ್ಟರ್ಡ್ ಹೆಸರಿತ್ತು. ಇವರು ಪುಟ್ಟಿ ಎಂದು ಕರೆದರು. ಐನೂರು ಕೇಜಿ ತೂಕದ ಪುಟ್ಟಿ.

"ಬೇರೆ ಗಂಡಸರು ಈ ವಯಸ್ಸಲ್ಲಿ ಕೆಂಪು ಕಾರು ತಗೋತಾರೆ" ಎಂದು ಅವರ ಹೆಂಡತಿ ಜಯಂತಿ ಆಂಟಿ ಹಲುಬುತ್ತಿದ್ದರು. "ನಮ್ಮನೆಯವರು ಲದ್ದಿ ಹಾಕೋ ಗಾಡಿ ತಗೊಂಡ್ರು."

ಪುಟ್ಟಿ ಇದ್ದದ್ದು ನಮ್ಮ ಮನೆಯಿಂದ ಇಪ್ಪತ್ತೆರಡು ಮೈಲಿ ದೂರದ ಒಂದು ಬಾಡಿಗೆ ಲಾಯದಲ್ಲಿ. ಪ್ರತಿ ಶನಿವಾರ ಅಂಕಲ್ ಜೊತೆ ನಾನೂ ಹೋಗುತ್ತಿದ್ದೆ. ಅಲ್ಲಿ ಹದಿನಾಲ್ಕು ಕುದುರೆಗಳಿಗೆ ಒಂದು ಬೇಲಿ ಹಾಕಿದ ಅಂಗಳ. ಹದಿನಾಲ್ಕು ಬಾಯಿ ಮೇದು, ಐವತ್ತಾರು ಗೊರಸು ತುಳಿದು, ಅದರಲ್ಲಿ ಹುಲ್ಲು ಎಂಬುದೇ ಉಳಿದಿರಲಿಲ್ಲ. ಮಳೆ ಬಂದರೆ ಕೆಸರು, ಬಿಸಿಲು ಬಂದರೆ ಧೂಳು. ಒಂದು ದಿನ ಅಂಕಲ್ ಆ ಬೇಲಿಗೆ ಮೊಣಕೈ ಊರಿ ಹೇಳಿದರು.

"ನಮ್ಮಪ್ಪನ ಕುದುರೆ ಹುಲ್ಲು ತಿಂದಿದ್ದು ನೋಡಿದೀನಿ ಮಗಳೇ. ಹುಲ್ಲಿನ ಮೇಲೆ ನಿಂತಿದ್ದು ನೋಡಿಲ್ಲ. ಸ್ಟ್ಯಾಂಡ್ ಹತ್ರ ಹೆಂಗಸರು ಕಟ್ಟು ಕಟ್ಟಿ ಮಾರೋರು. ಅಪ್ಪ ಒಂದು ಕಟ್ಟು ತಂದು ಬಿಚ್ಚೋರು. ನಿಂತ ಜಾಗ ಟಾರು, ಮಲಗೋ ಜಾಗ ಚಪ್ಪಡಿ. ಈಗ ನಾನು ಎಂಜಿನಿಯರ್ ಆಗಿ, ಅಮೆರಿಕಕ್ಕೆ ಬಂದು, ನನ್ನ ಕುದುರೆ ನಿಂತಿರೋದು ನೋಡು, ಕೆಸರಲ್ಲಿ."

ಹೀಗೆ ಹುಟ್ಟಿತು ಕಾನ್ಸಾಸ್ ಯಾತ್ರೆಯ ಯೋಚನೆ. ದೇಶದ ನಡುಭಾಗದ ಆ ಹುಲ್ಲುಗಾವಲಿನ ಸೀಮೆಯಲ್ಲಿ ಹಳ್ಳಿಗಾಡಿನ ಪಾರ್ಕುಗಳಿವೆ. ಅಲ್ಲಿ ಕುದುರೆಯ ಸಮೇತ ಹೋಗಿ ಟೆಂಟು ಹಾಕಬಹುದು. ನಮ್ಮ ಟೆಂಟಿನ ಪಕ್ಕದಲ್ಲೇ ಕುದುರೆಗೆ ಕಂಬಿಯ ಕೊಟ್ಟಿಗೆ, ನೀರಿನ ನಲ್ಲಿ, ಲದ್ದಿ ಎತ್ತಲು ಕೈಗಾಡಿ. ಅಂಕಲ್‌ಗೆ ಅರವತ್ತೊಂದು ಆಗಿತ್ತು, ಎರಡು ಮಂಡಿಗಳೂ ಸವೆದಿದ್ದವು. ಡಾಕ್ಟರು ಆ ಚಳಿಗಾಲಕ್ಕೆ ಆಪರೇಷನ್ ಗೊತ್ತುಮಾಡಿದ್ದರು. ಜಯಂತಿ ಆಂಟಿ ಒಪ್ಪಿದ್ದು ಷರತ್ತು ಹಾಕಿಯೇ.

"ಒಂದೇ ಸಲ. ವಾಪಸ್ ಬಂದ್ಮೇಲೆ ಕುದುರೆ ಹತ್ತೋ ಮಾತು ಎತ್ತಕೂಡದು. ಮತ್ತೆ ಇವಳು ಬರ್ಬೇಕು, ನಿಮ್ಮ ಕಾಗದ ಪತ್ರ ನೋಡ್ಕೊಳ್ಳೋಕೆ. ನೀವು ನಿಮ್ಮ ಪಾಸ್‌ಪೋರ್ಟನ್ನೇ ಫ್ರಿಜ್ಜಲ್ಲಿ ಇಟ್ಟವರು."

ಕಾಗದ ಪತ್ರ ಎಂದರೆ ನನಗೆ ಹಬ್ಬ. ಕುದುರೆ ರಾಜ್ಯದ ಗಡಿ ದಾಟಬೇಕಾದರೆ ಅದಕ್ಕೆ ರಕ್ತಪರೀಕ್ಷೆಯ ಕಾಗದ ಬೇಕು, ರೋಗವಿಲ್ಲ ಎಂಬುದಕ್ಕೆ. ಆ ಕಾಗದ ಇದೇ ಕುದುರೆಯದು ಎಂದು ಗೊತ್ತಾಗಲು ಅದರಲ್ಲಿ ಮೂರು ಫೋಟೋ ಇರುತ್ತವೆ: ಎಡಗಡೆ, ಬಲಗಡೆ, ಎದುರುಗಡೆ. ಮೈಮೇಲಿನ ಗುರುತುಗಳನ್ನೂ ಬರೆದಿರುತ್ತಾರೆ. ದನಗಳ ಡಾಕ್ಟರು ಬಂದು ರಕ್ತ ತೆಗೆದುಕೊಂಡು ಹೋದರು. ಫೋಟೋಗಳನ್ನು ನಾವೇ ಕಳಿಸಬಹುದು ಎಂದು ಅವರ ಆಫೀಸಿನವರು ಮೇಲ್ ಮಾಡಿದರು. ನನ್ನ ಫೋನಿನಲ್ಲಿ ಪುಟ್ಟಿಯ ಫೋಟೋಗಳು ಆಗ ಮುನ್ನೂರ ಹನ್ನೆರಡು ಇದ್ದವು. ಅವುಗಳಲ್ಲಿ ಅತಿ ಚೆಂದದ ಮೂರನ್ನು ಆರಿಸಿ ಕಳಿಸಿದೆ.

ಅತಿ ಚೆಂದದವು ಯುಗಾದಿಯ ದಿನ ತೆಗೆದವು.

ಯುಗಾದಿಗೆ ಅಂಕಲ್ ತಾವು ಎಣ್ಣೆಸ್ನಾನ ಮಾಡಿ, ಪುಟ್ಟಿಗೂ ಬಿಸಿನೀರು ಹಾಕಿ ಮೈ ತೊಳೆದಿದ್ದರು. ಬೇವು-ಬೆಲ್ಲದಲ್ಲಿ ಬೆಲ್ಲವನ್ನಷ್ಟೇ ತಿನ್ನಿಸಿದ್ದರು. ಆಮೇಲೆ ನಂಜನಗೂಡಿನಿಂದ ತರಿಸಿದ ವಿಭೂತಿಯನ್ನು ಒದ್ದೆ ಬೆರಳಲ್ಲಿ ತೇದು ಅದರ ಹಣೆಗೆ ಮೂರು ಪಟ್ಟೆ ಎಳೆದರು. ಪುಟ್ಟಿ ತಲೆ ಕೊಡವಿ ಅಂಕಲ್ ತೋಳಿಗೆ ಉಜ್ಜಿದ್ದರಿಂದ ಮೂರು ಪಟ್ಟೆಯೂ ಸೇರಿ ಒಂದು ದುಂಡನೆಯ ಬಿಳಿ ಬೊಟ್ಟಾಯಿತು. ಫೋಟೋದಲ್ಲಿ ಅದು ಹುಟ್ಟಿನಿಂದಲೇ ಬಂದ ಗುರುತಿನ ಹಾಗೆ ಕಾಣುತ್ತಿತ್ತು. ಡಾಕ್ಟರ ಆಫೀಸಿನವರು ಫೋಟೋ ನೋಡಿ, ಗುರುತುಗಳ ಜಾಗದಲ್ಲಿ 'ಹಣೆಯಲ್ಲಿ ಬಿಳಿ ಸ್ಟಾರ್' ಎಂದು, ಅಂದರೆ ಹುಟ್ಟುಮಚ್ಚೆ ಎಂದು, ಟೈಪು ಮಾಡಿದರು. ಕಾಗದ ಬಂತು. ನಾನು ಪುಟ, ಸಹಿ, ತಾರೀಖು ಎಲ್ಲ ಪರೀಕ್ಷಿಸಿ, ಹಸಿರು ಫೈಲಿಗೆ ಸೇರಿಸಿ, ಟಿಕ್ ಹಾಕಿದೆ. ಹಣೆಯನ್ನು ಮಾತ್ರ ನೋಡಲಿಲ್ಲ. ಪುಟ್ಟಿಯ ಹಣೆಯ ಮೇಲೆ ವಿಭೂತಿ ಇರುವುದು ನಮಗೆ ಅಷ್ಟು ಸಹಜವಾಗಿತ್ತು.

ಜೂನ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಐದು ಇಪ್ಪತ್ತಕ್ಕೆ ಅಂಕಲ್, ಆಂಟಿ, ನಾನು ಹೊರಟೆವು. ಮುಂದೆ ಬಾಡಿಗೆಯ ಪಿಕಪ್, ಹಿಂದೆ ಟ್ರೇಲರಿನಲ್ಲಿ ಪುಟ್ಟಿ. ಸಾವಿರದ ಮುನ್ನೂರು ಮೈಲಿ, ಮೂರು ದಿನ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ ಅವಳಿಗೆ ನೀರು ಕುಡಿಸಬೇಕು. ಪೆನ್ಸಿಲ್ವೇನಿಯಾದವರೆಗೆ ಕುಡಿದಳು. ಒಹಾಯೊದಲ್ಲಿ ಬಕೆಟ್ಟು ಮೂಸಿ ಮುಖ ತಿರುಗಿಸಿದಳು. ಮನೆಯಿಂದ ತಂದಿದ್ದ ಎರಡು ಕ್ಯಾನು ಮುಗಿದಿದ್ದವು.

"ಊರಿನ ನೀರೇ ಬೇಕಂತೆ ಮಹಾರಾಣಿಗೆ" ಎಂದರು ಆಂಟಿ. "ನನ್ನ ಮದುವೇಲಿ ನಿಮ್ಮ ದೊಡ್ಡತ್ತೆ ಹೀಗೇ ಮಾಡಿದ್ರು, ನೆನಪಿದೆಯಾ? ದಿಬ್ಬಣದವರಿಗೆ ಕಾಫಿ ಸರಿ ಹೋಗ್ಲಿಲ್ಲ ಅಂತ ಛತ್ರದ ಹೊರಗೆ ಕೂತಿದ್ರಲ್ಲ."

"ಅವರಿಗೆ ಆಮೇಲೆ ಏನು ಕೊಟ್ರಿ?" ಎಂದು ನಾನು ಕೇಳಿದೆ.

"ಪಾನಕ."

ಅಂಕಲ್ ಆಂಟಿಯ ಮುಖವನ್ನೇ ನೋಡಿದರು. ಅಡುಗೆಯ ಡಬ್ಬಿಯಿಂದ ಒಂದಚ್ಚು ಬೆಲ್ಲ ತೆಗೆದು ಬಕೆಟ್ಟಿನಲ್ಲಿ ಕದಡಿದರು. ಪುಟ್ಟಿ ತಳ ಕಾಣುವವರೆಗೆ ಕುಡಿದಳು. ಡೈರಿಯಲ್ಲಿ ಆ ದಿನದ ಲೆಕ್ಕ ಹೀಗಿದೆ: ಒಹಾಯೊ, ನೀರು ಮೂರು ಬಕೆಟ್, ಬೆಲ್ಲ ಒಂದೂವರೆ ಅಚ್ಚು, ದೊಡ್ಡತ್ತೆಯ ಪ್ರಸ್ತಾಪ ನಾಲ್ಕು ಸಲ.

ತಿನ್ನಲು ಹುರುಳಿ. ಜಟಕಾ ಕುದುರೆಗಳಿಗೆ ಹುರುಳಿ ಬೇಯಿಸಿ ಹಾಕುವುದು ಅಂಕಲ್ ಕಂಡಿದ್ದ ಪದ್ಧತಿ. ಮಾಮೂಲಿ ಒಣಹುಲ್ಲಿನ ಜೊತೆಗೆ ದಿನಕ್ಕೆ ಒಂದು ಬೋಗುಣಿ. ನಮ್ಮ ಕಡೆಯ ಇಂಡಿಯನ್ ಸ್ಟೋರಿನಲ್ಲಿ ಅಂಕಲ್ ಹುರುಳಿಯನ್ನು ಮೂಟೆಯ ಲೆಕ್ಕದಲ್ಲಿ ಕೊಳ್ಳುವುದು ನೋಡಿ ಅಂಗಡಿಯವರು "ಮನೇಲಿ ಬಾಣಂತಿ ಇದಾರಾ ಸರ್?" ಎಂದು ಕೇಳಿದ್ದುಂಟು. ಬೇಯಿಸಿದ ಮೇಲೆ ಕಾಳು ಪುಟ್ಟಿಗೆ, ಬಸಿದ ಕಟ್ಟು ನಮಗೆ. ಆಂಟಿ ಅದಕ್ಕೆ ಹುಣಸೆಹಣ್ಣು, ಮೆಣಸು, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಸಾರು ಮಾಡುತ್ತಿದ್ದರು. ಇಂಡಿಯಾನಾದ ಒಂದು ಜಾತ್ರೆ ಮೈದಾನದ ಲಾಯದ ಮುಂದೆ, ಗ್ಯಾಸ್ ಒಲೆಯ ಮೇಲೆ ಆ ಸಾರು ಕುದಿಯುವಾಗ ನನಗೆ ಅನ್ನಿಸಿತ್ತು, ನಾವು ಮೂವರೂ ಕುದುರೆಯ ಪಂಕ್ತಿಯಲ್ಲಿ ಎರಡನೆಯ ಸಾಲಿನಲ್ಲಿ ಕೂತವರು ಎಂದು.

ಸೋಮವಾರ ಮಧ್ಯಾಹ್ನ ಎರಡು ಮೂವತ್ತೈದಕ್ಕೆ ಪಾರ್ಕಿನ ಗೇಟು ತಲುಪಿದೆವು. ಗೇಟಿನ ಆಚೆ ಕಣ್ಣು ಹೋದಷ್ಟೂ ದೂರ ಹುಲ್ಲು. ಬೇಲಿಯಿಲ್ಲ, ಮನೆಯಿಲ್ಲ. ಗಾಳಿ ಬೀಸಿದಾಗ ಹುಲ್ಲೆಲ್ಲ ಒಂದೇ ಕಡೆ ವಾಲಿ ಬಣ್ಣ ಬದಲಾಯಿಸುತ್ತಿತ್ತು. ಟ್ರೇಲರಿನ ಒಳಗಿಂದ ಪುಟ್ಟಿ ಒಮ್ಮೆ ಜೋರಾಗಿ ಕೆನೆದಳು. ಅಂಕಲ್ ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡು ಹುಲ್ಲನ್ನೇ ನೋಡುತ್ತ ಕೂತಿದ್ದರು.

ಕಾಗದ ನೋಡಲು ಬಂದ ಪಾರ್ಕಿನ ಅಧಿಕಾರಿ ಡೋನಾ ಎಂಬ ಹೆಂಗಸು, ಅಂಕಲ್ ವಯಸ್ಸಿನವರು, ಅಗಲ ಟೋಪಿ. ನಾನು ಹಸಿರು ಫೈಲನ್ನು ಎರಡೂ ಕೈಯಲ್ಲಿ ಕೊಟ್ಟೆ. ಆಕೆ ಕಾಗದ ನೋಡಿದರು, ಪುಟ್ಟಿಯನ್ನು ನೋಡಿದರು, ಮತ್ತೆ ಕಾಗದ ನೋಡಿದರು.

"ಈ ಕಾಗದ ಈ ಕುದುರೆಯದಲ್ಲ."

"ಇದೇ ಕುದುರೆಯದು, ಮ್ಯಾಮ್" ಎಂದೆ.

"ಕಾಗದದ ಕುದುರೆಗೆ ಹಣೆಯಲ್ಲಿ ಸ್ಟಾರ್ ಇದೆ. ಇದಕ್ಕೆ ಒಂದು ಬಿಳಿ ಕೂದಲೂ ಇಲ್ಲ."

ನಾನು ಕಾಗದವನ್ನು ವಾಪಸ್ಸು ತೆಗೆದುಕೊಂಡೆ. ಫೋಟೋ ನೋಡಿದೆ. ಯುಗಾದಿ. ಬೇವಿನೆಲೆಯ ಒಂದು ಎಸಳು ಕೂಡ ಮೂಲೆಯಲ್ಲಿ ಕಾಣುತ್ತಿತ್ತು.

ಡೋನಾ ಒರಟು ಮನುಷ್ಯರಲ್ಲ. ಆದರೆ ಒಳಗೆ ಬೇರೆಯವರ ಹತ್ತೊಂಬತ್ತು ಕುದುರೆಗಳಿದ್ದವು. ಹೊಂದದ ಕಾಗದದ ಕುದುರೆಯನ್ನು ಬಿಡುವಂತಿಲ್ಲ. ಹೊಸದಾಗಿ ರಕ್ತ ತೆಗೆಸಿ ಫಲಿತಾಂಶ ಬರಲು ಮೂರು ನಾಲ್ಕು ದಿನ. ಅಂಕಲ್‌ಗೆ ಇದ್ದದ್ದು ಒಟ್ಟು ಒಂಬತ್ತು ದಿನದ ರಜೆ. ಮೂರು ಬರಲು, ಮೂರು ಹೋಗಲು. ಉಳಿದ ಮೂರಕ್ಕಾಗಿ ಇಷ್ಟೆಲ್ಲ.

"ಅಂಕಲ್, ತಪ್ಪು ನಂದು" ಎಂದೆ. "ಯುಗಾದಿ ಫೋಟೋ ಕಳಿಸಿಬಿಟ್ಟೆ. ಅದು ವಿಭೂತಿ."

ಅವರು ಫೋಟೋ ಹತ್ತಿರ ಹಿಡಿದು ನೋಡಿದರು. ಬೈಯುತ್ತಾರೆಂದು ಕಾದೆ. ಜಯಂತಿ ಆಂಟಿ ಬೈದರು, ಆದರೆ ಅವರನ್ನು. "ಕುದುರೆಗೆ ಸಂಸ್ಕಾರ ಕಲಿಸ್ತೀನಿ ಅಂತ ಹೊರಟ್ರಲ್ಲ, ಈಗ ಆಕೆಗೆ ಹೇಳಿ, ನಮ್ಮ ಕುದುರೆ ಶಿವಭಕ್ತೆ ಅಂತ!"

"ಹೇಳ್ತೀನಿ" ಎಂದು ಅಂಕಲ್ ಇಳಿದರು. ಆಂಟಿಯ ಕೈಚೀಲದಿಂದ ವಿಭೂತಿ ಉಂಡೆ ತೆಗೆದು, ಒದ್ದೆ ಬೆರಳಲ್ಲಿ ತೇದು, ಪುಟ್ಟಿಯ ಹಣೆಗೆ ಬಳಿದರು. ಪುಟ್ಟಿ ಅಭ್ಯಾಸದಂತೆ ತಲೆ ಕೊಡವಿ ಅವರ ತೋಳಿಗೆ ಉಜ್ಜಿದಳು. ಸ್ಟಾರ್ ಮೂಡಿತು. ಡೋನಾ ಟೋಪಿಯನ್ನು ಹಿಂದಕ್ಕೆ ಸರಿಸಿಕೊಂಡರು.

"ಇದರಿಂದ ಗೊತ್ತಾಗೋದು ನಿಮಗೆ ಬೊಟ್ಟು ಇಡೋಕೆ ಬರುತ್ತೆ ಅಂತ ಮಾತ್ರ" ಎಂದರು ಆಕೆ. "ಯಾವ ಕಂದು ಕುದುರೆಗೂ ಹೀಗೆ ಇಡಬಹುದು."

ಅದೂ ಸರಿಯೇ. ಆಗ ಅಂಕಲ್ ನನ್ನ ಕಡೆ ತಿರುಗಿ, "ಸುಳಿ ತೋರಿಸು ಅವರಿಗೆ" ಎಂದರು.

ಸುಳಿ ಎಂದರೆ ಮೈಮೇಲೆ ಕೂದಲು ಚಕ್ರದ ಹಾಗೆ ಸುತ್ತಿಕೊಂಡಿರುವ ಜಾಗ. ಅವರ ತಂದೆ ಯಾವ ಕುದುರೆ ಕೊಳ್ಳುವಾಗಲೂ ಹಲ್ಲು ನೋಡುವ ಮೊದಲು ಸುಳಿ ನೋಡುತ್ತಿದ್ದರಂತೆ. ಎಲ್ಲಿದ್ದರೆ ಮನೆಗೆ ಒಳ್ಳೆಯದು, ಎಲ್ಲಿದ್ದರೆ ಯಜಮಾನನಿಗೆ ಕೇಡು ಎಂದು. ಅಂಕಲ್‌ಗೆ ಆ ಶಾಸ್ತ್ರದಲ್ಲಿ ನಂಬಿಕೆಯಿಲ್ಲ. ಆದರೂ ಪುಟ್ಟಿಯನ್ನು ಕೊಂಡ ದಿನ ಅವಳ ಮೈಯೆಲ್ಲ ಹುಡುಕಿ ನೋಡಿದ್ದರು. ಎಡಗಡೆ ಕತ್ತಿನ ಮೇಲೆ, ಕಿವಿಯಿಂದ ಒಂದೂವರೆ ಗೇಣು ಕೆಳಗೆ, ಒಂದರ ಪಕ್ಕ ಒಂದು ಎರಡು ಸುಳಿ. ಎರಡೂ ಎದುರುಬದುರು ತಿರುಗಿದವು.

ನಾನು ಕಾಗದಕ್ಕೆ ಕಳಿಸಿದ್ದ ಎಡಗಡೆಯ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಹಿಡಿದೆ. ಯುಗಾದಿಯ ಸ್ನಾನವಾದ ಮೇಲೆ ಕತ್ತಿನ ಕೂದಲನ್ನು ಆಚೆಗೆ ಬಾಚಿದ್ದರಿಂದ ಅದರಲ್ಲಿ ಸುಳಿ ಕಾಣುತ್ತಿದ್ದವು. ಡೋನಾ ಪುಟ್ಟಿಯ ಕತ್ತಿನ ಕೂದಲು ಎತ್ತಿ, ಬೆರಳಿಟ್ಟು ನೋಡಿದರು. ಒಂದು, ಎರಡು. ಮತ್ತೆ ಫೋಟೋ. ಒಂದು, ಎರಡು. ಆಮೇಲೆ ಆಕೆಯ ಮುಖ ಬದಲಾಯಿತು.

"ಸುಳಿ ನೋಡೋಕೆ ನಿಮಗೆ ಯಾರು ಕಲಿಸಿದ್ದು?"

"ನಮ್ಮಪ್ಪ. ಬಾಡಿಗೆ ಗಾಡಿ ಓಡಿಸ್ತಿದ್ರು."

"ನಮ್ಮಪ್ಪಾನೂ ನೋಡ್ತಿದ್ರು" ಎಂದರು ಡೋನಾ. "ಈಗಿನವರು ಯಾರೂ ನೋಡಲ್ಲ." ಪೆನ್ನು ತೆಗೆದು ಕಾಗದದ ಅಂಚಿನಲ್ಲಿ ಒಂದು ಸಾಲು ಬರೆದರು. ಅದನ್ನು ನಾನು ಡೈರಿಗೆ ಇಳಿಸಿಕೊಂಡಿದ್ದೇನೆ: 'ಸ್ಟಾರ್ ಎಂದರೆ ಬೂದಿ. ಒರೆಸಿದರೆ ಹೋಗುತ್ತದೆ.' ಕೆಳಗೆ ಸಹಿ. ನನಗೆ ಹೇಳಿದರು, "ಡಾಕ್ಟರ ಆಫೀಸಿಗೆ ಫೋನ್ ಮಾಡಿ ಇದನ್ನ ಸರಿ ಮಾಡಿಸಮ್ಮ. ಕುದುರೆ ಹೋದಲ್ಲೆಲ್ಲ ಈ ಕಾಗದವೂ ಹೋಗುತ್ತೆ."

ಆ ಮೂರು ದಿನಗಳ ಬಗ್ಗೆ ನಾನು ಮೂವತ್ತೊಂದು ಪುಟ ಬರೆದಿದ್ದೇನೆ. ಅದರಲ್ಲಿ ಪಕ್ಷಿಗಳ ಪಟ್ಟಿ ಇದೆ, ಎತ್ತಿದ ಲದ್ದಿಯ ಗಾಡಿಗಳ ಲೆಕ್ಕ ಇದೆ (ಹನ್ನೊಂದು), ಆಂಟಿಯ ಹುರುಳಿ ಸಾರನ್ನು ಡೋನಾ ಎಷ್ಟು ಕಪ್ಪು ಕುಡಿದರು ಎಂಬುದಿದೆ (ನಾಲ್ಕು, ಐದನೆಯದು ಥರ್ಮಾಸ್‌ನಲ್ಲಿ ಮನೆಗೆ). ಟೆಂಟಿನ ಹಗ್ಗಕ್ಕೆ ಆಂಟಿ ಸೀರೆ ಒಣಹಾಕಿದ್ದರಿಂದ ಪಕ್ಕದ ಕ್ಯಾಂಪಿನ ಎರಡು ಕುದುರೆಗಳು ಬೆದರಿ, ಅವರ ಯಜಮಾನ ಬಂದು ವಿನಯದಿಂದ "ನಿಮ್ಮ ಬಾವುಟವನ್ನು ಇಳಿಸಬಹುದೇ" ಎಂದು ಕೇಳಿದ್ದೂ ಇದೆ. ಆ ಸೀರೆಯನ್ನು ಆಂಟಿ ಇವತ್ತಿಗೂ ಬಾವುಟ ಎಂದೇ ಕರೆಯುತ್ತಾರೆ.

ಎರಡನೆಯ ದಿನ ಬೆಳಿಗ್ಗೆ ಅಂಕಲ್ ಪುಟ್ಟಿಯನ್ನು ಹತ್ತಿದರು. ಹತ್ತಲು ಪಿಕ್‌ನಿಕ್ ಮೇಜು ಬೇಕಾಯಿತು, ಮೇಜು ಹತ್ತಲು ನಾನು ಬೇಕಾದೆ. ನಾನು ಪಕ್ಕದಲ್ಲಿ ನಡೆದೆ. ಒಂದು ಮೈಲಿ ಹೋದ ಮೇಲೆ ಕುದುರೆ ಮೇಯಿಸಲು ಬಿಟ್ಟಿರುವ ಬಯಲು ಬಂತು. ಅಲ್ಲಿ ಅಂಕಲ್ ಇಳಿದರು. ಕಡಿವಾಣ ಬಿಚ್ಚಿ, ಉದ್ದ ಹಗ್ಗವೊಂದನ್ನು ಸಡಿಲವಾಗಿ ಹಿಡಿದು ದೂರ ನಿಂತರು.

ಹುಲ್ಲು ಪುಟ್ಟಿಯ ಹೊಟ್ಟೆಗೆ ತಾಗುತ್ತಿತ್ತು. ಅವಳು ಮೇಯಲಿಲ್ಲ. ತಲೆಯೆತ್ತಿ, ಕಿವಿ ಮುಂದೆ ಚಾಚಿ ನಿಂತೇ ಇದ್ದಳು. ಬೇಲಿ ಎಲ್ಲಿ ಎಂದು ಹುಡುಕುತ್ತಿದ್ದಾಳೆ ಅನ್ನಿಸಿತು. ಐದು ನಿಮಿಷವಾಯಿತು, ಆರಾಯಿತು.

"ಯಾಕೆ ಅಂಕಲ್ ತಿಂತಿಲ್ಲ?"

"ನಿಂಗೆ ಯಾರಾದ್ರೂ ಮದುವೆ ಊಟದ ಛತ್ರಾನೇ ಬರೆದುಕೊಟ್ರೆ ನೀನು ತಕ್ಷಣ ತಿಂತೀಯಾ? ಇರು. ಎಣಿಸ್ತಿರಬೇಕು, ನಿನ್ನ ಹಾಗೆ."

ಎಂಟನೆಯ ನಿಮಿಷಕ್ಕೆ ಅವಳು ತಲೆ ಬಗ್ಗಿಸಿದಳು. ಹುಲ್ಲು ಕಿತ್ತುಕೊಳ್ಳುವ ಸದ್ದು ಅಷ್ಟು ದೂರಕ್ಕೂ ಕೇಳುತ್ತಿತ್ತು. ಅಂಕಲ್ ನನ್ನ ಕಡೆ ಬೆನ್ನು ಮಾಡಿ ನಿಂತಿದ್ದರು. ನಾನು ಗಡಿಯಾರವನ್ನು ಜೇಬಿಗೆ ಹಾಕಿದೆ. ಅವರು ಅಲ್ಲಿ ಎಷ್ಟು ಹೊತ್ತು ನಿಂತರು ಎಂಬುದು ಆ ಮೂವತ್ತೊಂದು ಪುಟಗಳಲ್ಲಿ ಇಲ್ಲ.

ಅವತ್ತೇ ಮಧ್ಯಾಹ್ನ ಮೂರು ನಲವತ್ತಕ್ಕೆ, ಸಿಗ್ನಲ್ ಸಿಗುವ ಗುಡ್ಡ ಹತ್ತಿ ಡಾಕ್ಟರ ಆಫೀಸಿಗೆ ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಸ್ಟಾರ್ ತಪ್ಪು, ತೆಗೆಯಿರಿ ಎಂದು ಮೆಸೇಜ್ ಬಿಟ್ಟೆ. ಡೈರಿಯಲ್ಲಿ 'ಫೋನ್ ಮಾಡಿದೆ' ಎಂದು ಬರೆದು ಪಕ್ಕದಲ್ಲಿ ಟಿಕ್ ಹಾಕಿದೆ. ನನ್ನ ಧರ್ಮದಲ್ಲಿ ಟಿಕ್ ಹಾಕಿದ ಕೆಲಸ ಮುಗಿದ ಕೆಲಸ. ಮತ್ತೆ ವಿಚಾರಿಸಲೇ ಇಲ್ಲ.

ಚಳಿಗಾಲದಲ್ಲಿ ಅಂಕಲ್ ಮಂಡಿ ಆಪರೇಷನ್ ಆಯಿತು. ಮರುವರ್ಷ ಎಲ್ಲರೂ ಮನೆಯೊಳಗೆ ಕೂತ ವರ್ಷ. ಲಾಯದ ಜಾಗವನ್ನು ಗೋದಾಮು ಕಟ್ಟುವವರು ಕೊಂಡರು. ಹದಿನೈದು ದಿನದಲ್ಲಿ ಕುದುರೆಗಳನ್ನು ಸಾಗಿಸಬೇಕೆಂದರು. ಅಂಕಲ್ ಮನೆಯಿಂದ ಹೊರಗೆ ಬರುವ ಸ್ಥಿತಿಯಲ್ಲಿರಲಿಲ್ಲ. ನ್ಯೂಜೆರ್ಸಿಯ ಪಶ್ಚಿಮದ ಕಡೆಯ ಒಂದು ಕುಟುಂಬ ಬಂದು ಪುಟ್ಟಿಯನ್ನು ಕರೆದುಕೊಂಡು ಹೋಯಿತು, ತಮ್ಮ ಮಗಳಿಗೆಂದು. ಡೋನಾ ಬರೆದ ಕಾಗದವೂ ಅವಳ ಜೊತೆಗೇ ಹೋಯಿತು. ಎರಡು ವರ್ಷದ ಮೇಲೆ ಆ ಮಗಳು ಕಾಲೇಜಿಗೆ ಹೋದಳು. ಅವರು ಪುಟ್ಟಿಯನ್ನು ಪೆನ್ಸಿಲ್ವೇನಿಯಾದ ಯಾರಿಗೋ ಕೊಟ್ಟರು. ಆ ಯಾರೋ ಇನ್ಯಾರಿಗೋ. ಅಲ್ಲಿಗೆ ದಾರಿ ಮುಗಿಯಿತು.

ಅಂಕಲ್ ಪ್ರತಿ ಭಾನುವಾರ ಕೇಳುತ್ತಾರೆ, "ಏನಾದ್ರೂ ಗೊತ್ತಾಯ್ತಾ ಮೇಡಂ?" ಅದಕ್ಕೇ ನಾನು ಎರಡು ವರ್ಷದಿಂದ ಹುಡುಕುತ್ತಿದ್ದೇನೆ. ಕುದುರೆ ಸಾಕುವ ಹನ್ನೊಂದು ಫಾರಂಗಳಿಗೆ ಬರೆದೆ, ಏಳರಿಂದ ಉತ್ತರ ಬಂತು. ಬರೆದಾಗಲೆಲ್ಲ ಡಾಕ್ಟರ ಆಫೀಸಿನಿಂದ ತರಿಸಿಕೊಂಡ ಅಚ್ಚುಕಟ್ಟಾದ ಪ್ರತಿಯನ್ನು ಜೊತೆಗೆ ಲಗತ್ತಿಸಿದೆ. ಏಳನೆಯ ಉತ್ತರ ಹೀಗಿತ್ತು: "ನಮ್ಮಲ್ಲಿ ಇಂಥ ಒಂದು ಮುದಿ ಕಂದು ಕುದುರೆ ಇತ್ತು, ತುಂಬ ಸಾಧು. ಆದರೆ ಅದಕ್ಕೆ ಸ್ಟಾರ್ ಇರಲಿಲ್ಲ. ಹಾಗಾಗಿ ನಿಮ್ಮದಲ್ಲ. ಕ್ಷಮಿಸಿ." ನಾನು ಧನ್ಯವಾದ ಬರೆದು ಟಿಕ್ ಹಾಕಿದೆ.

ಹೋದ ತಿಂಗಳು ಯಾವುದೋ ಕಾರಣಕ್ಕೆ ಆ ಜೂನ್ ತಿಂಗಳ ಡೈರಿ ಓದುತ್ತಿದ್ದೆ. ಬೂದಿಯ ಸಾಲು ಬಂದಾಗ ಎಲ್ಲರಿಗೂ ಲಗತ್ತಿಸಿದ್ದ ಪ್ರತಿಯನ್ನು ತೆಗೆದು ನೋಡಿದೆ, ಅದರಲ್ಲಿ ಸ್ಟಾರ್ ಹಾಗೇ ಇತ್ತು. ಎರಡು ವರ್ಷ ನಾನು ಇಲ್ಲದ ಕುದುರೆಯೊಂದನ್ನು ಹುಡುಕಿಕೊಡಿ ಎಂದು ಹನ್ನೊಂದು ಜನರನ್ನು ಕೇಳಿದ್ದೆ. ಕೂಡಲೇ ಆ ಏಳನೆಯವರಿಗೆ ಬರೆದೆ. ಫಾರಂ ಕೈಬದಲಾಗಿತ್ತು. ಹೊಸಬರಿಗೆ ಹಳೆಯ ಕುದುರೆಗಳ ವಿಷಯ ಗೊತ್ತಿರಲಿಲ್ಲ.

ಕಳೆದ ಭಾನುವಾರ ಕೆಂಡಲ್ ಪಾರ್ಕಿಗೆ ಹೋಗಿ ಅಂಕಲ್‌ಗೆ ಎಲ್ಲವನ್ನೂ ಹೇಳಿದೆ. ಆಂಟಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು.

"ತುಂಬ ಸಾಧು ಅಂತ ಬರೆದಿದ್ರಾ?"

"ಹೌದು ಅಂಕಲ್."

"ಹಾಗಾದ್ರೆ ಅವಳೇ."

"ನಾನು ಇನ್ನೂ ಹುಡುಕ್ತೀನಿ. ಸಿಕ್ಕ ತಕ್ಷಣ ಕರ್ಕೊಂಡು ಹೋಗ್ತೀನಿ, ನೋಡೋಕೆ."

ಅವರು ತಲೆಯಾಡಿಸಿದರು. "ಹುಡುಕು. ಆದ್ರೆ ನಾನು ಹೋಗಿ ನೋಡಲ್ಲ. ಅವಳು ಈಗ ಇನ್ನೊಬ್ಬರಿಗೆ ಒಗ್ಗಿಕೊಂಡಿರ್ತಾಳೆ. ನಾನು ಹೋಗಿ ನಿಂತಾಗ ಅವಳು ಕಿವಿ ಎತ್ತಿದ್ರೆ ಅವರಿಗೆ ಬೇಜಾರು. ಎತ್ತದೆ ಇದ್ರೆ ನಂಗೆ ಬೇಜಾರು. ಚೆನ್ನಾಗಿದಾಳೆ ಅಂತ ಗೊತ್ತಾದ್ರೆ ಸಾಕು."

ಆಂಟಿ ಲೋಟವನ್ನು ಅವರ ಕೈಗೆ ಕೊಟ್ಟು, "ನಾನು ಹೋಗ್ತೀನಿ" ಎಂದರು. "ನಂಗ್ಯಾರು ಬೇಜಾರು ಮಾಡ್ತಾರೆ ನೋಡೇ ಬಿಡೋಣ."

ಅದಕ್ಕೇ ಇದನ್ನು ನಿಮ್ಮ ಮುಂದೆ ಇಟ್ಟಿದ್ದೇನೆ. ಈ ಪತ್ರಿಕೆ ಓದುವ ನೀವು ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ನ್ಯೂಯಾರ್ಕಿನ ಎಲ್ಲೆಲ್ಲೋ ಇದ್ದೀರಿ. ನಿಮ್ಮ ಮಕ್ಕಳು ರೈಡಿಂಗ್ ಕ್ಲಾಸಿಗೆ ಹೋಗುವ ಯಾವುದೋ ಫಾರಂನ ಮೂಲೆಯಲ್ಲಿ ವಯಸ್ಸಾದ ಕಂದು ಹೆಣ್ಣು ಕುದುರೆಯೊಂದು ಇರಬಹುದು. ಹಣೆ ಪೂರ್ತಿ ಕಂದು. ಎಡಗತ್ತಿನ ಕೂದಲನ್ನು ಮೆಲ್ಲಗೆ ಎತ್ತಿ ನೋಡಿ, ಅವಳು ಏನೂ ಮಾಡುವುದಿಲ್ಲ. ಅಲ್ಲಿ ಜೋಡಿ ಸುಳಿ ಇದ್ದರೆ ಪತ್ರಿಕೆಯ ವಿಳಾಸಕ್ಕೆ 'ಲೆಕ್ಕದ ಮೇಡಂ' ಎಂಬ ಹೆಸರಿಗೆ ಎರಡು ಸಾಲು ಬರೆಯಿರಿ. ಅವಳು ಈಗ ಇಲ್ಲ ಎಂದು ಗೊತ್ತಿದ್ದರೆ ಅದನ್ನೂ ಬರೆಯಿರಿ. ಅಂಕಲ್‌ಗೆ ಹೇಗೆ ಹೇಳಬೇಕೆಂದು ನಾನು ಮತ್ತು ಆಂಟಿ ನೋಡಿಕೊಳ್ಳುತ್ತೇವೆ. ಅವಳು ನಿಮ್ಮ ಮನೆಯವಳೇ ಆಗಿಹೋಗಿದ್ದರೆ ಹೆದರಬೇಡಿ, ವಾಪಸ್ಸು ಕೇಳಲು ಯಾರೂ ಬರುವುದಿಲ್ಲ. ಕುದುರೆ ನಿಮ್ಮದೇ. ಸುದ್ದಿಯಷ್ಟು ನಮಗೆ ಕೊಡಿ.